ಟೋರ್ಟಿಯಾ ಚಿಪ್ಸ್ ಮೆತ್ತಗಾಗುತ್ತಿವೆ, ಹಸಿರು ಸಾಲ್ಸಾ ಕಹಿಯಾಗುತ್ತಿದೆ. ಎಲ್ಲಿ ತಪ್ಪುತ್ತಿದೆ?

ಮೈದಾ ಟೋರ್ಟಿಯಾ (ಮೆಕ್ಸಿಕೋದ ತೆಳು ರೊಟ್ಟಿ) ಕತ್ತರಿಸಿ ಕರಿದೆ, ಮೊದಲು ಗರಿಗರಿ ಇತ್ತು, ಆಮೇಲೆ ಮೆತ್ತಗಾಯಿತು ಅಂತ ಬರೆದಿದ್ದೀರಿ. ಮೊದಲು ಆ ಮೈದಾ ಬಿಡಿ. ಮೈದಾದ್ದನ್ನು ಕರಿದರೆ ಅದು ಶಂಕರಪೋಳಿಯ ನೆಂಟ ಆಗುತ್ತದೆ ಅಷ್ಟೇ. ತಿನ್ನೋಕೆ ಚೆನ್ನಾಗಿರುತ್ತೆ, ಆದರೆ ಮೆಕ್ಸಿಕೋದವರು ತೋತೋಪೋಸ್ ಅನ್ನುವ ಚಿಪ್ಸ್ ಅದಲ್ಲ. ಅದಕ್ಕೆ ಮೆಕ್ಕೆಜೋಳದ ಟೋರ್ಟಿಯಾನೇ ಬೇಕು.

ಹಾಗಂತ ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದು ಕಲಸಿದರೆ ಆಗಲ್ಲ. ಲಟ್ಟಿಸುವಾಗಲೇ ಅಂಚು ಬಿರಿಯುತ್ತದೆ. ಮೆಕ್ಸಿಕೋದಲ್ಲಿ ಒಣ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಬೆಳಿಗ್ಗೆ ಉಜ್ಜಿ ತೊಳೆದು ಸಿಪ್ಪೆ ತೆಗೆದು ರುಬ್ಬುತ್ತಾರೆ. ಒಂದು ಕೆಜಿ ಕಾಳಿಗೆ ಸುಮಾರು 10 ಗ್ರಾಂ ಸುಣ್ಣ ಸಾಕು. ವೀಳ್ಯದೆಲೆಗೆ ಹಚ್ಚುತ್ತೇವಲ್ಲ, ಆ ಸುಣ್ಣವೇ, ಆದರೆ ಅಡುಗೆಗೆ ಅಂತಲೇ ಮಾರುವುದನ್ನು ತನ್ನಿ. ಸುಣ್ಣ ತಗುಲಿದರೇನೇ ಹಿಟ್ಟಿಗೆ ಅಂಟು ಬರುವುದು, ಆ ವಿಶೇಷ ಘಮ ಬರುವುದು. ಕಾಳಿನಲ್ಲಿ ಸಿಕ್ಕಿಹಾಕಿಕೊಂಡಿರುವ ನಯಾಸಿನ್ ಎಂಬ ಬಿ ವಿಟಮಿನ್ ಕೂಡ ಇದರಿಂದಲೇ ಮೈಗೆ ಹತ್ತುತ್ತದೆ. ಯುರೋಪಿನವರು ಮೆಕ್ಕೆಜೋಳ ಕೊಂಡೊಯ್ದರು, ಸುಣ್ಣದ ಪದ್ಧತಿ ಬಿಟ್ಟುಹೋದರು. ಮುಂದೆ ಉತ್ತರ ಇಟಲಿಯಲ್ಲಿ ಅದನ್ನೇ ಮುಖ್ಯ ಊಟ ಮಾಡಿಕೊಂಡ ಬಡವರನ್ನು ನಯಾಸಿನ್ ಕೊರತೆಯಿಂದ ಬರುವ ಪೆಲ್ಲಾಗ್ರಾ ಕಾಯಿಲೆ ಕಾಡಿತು.

ಇಷ್ಟೆಲ್ಲ ಯಾರು ಮಾಡ್ತಾರೆ ಅಂತೀರಾ? ನಾನೂ ದಿನಾ ಮಾಡಲ್ಲ. ಹೀಗೆ ಸುಣ್ಣದಲ್ಲಿ ಬೇಯಿಸಿ ಒಣಗಿಸಿದ ಹಿಟ್ಟು ಮಾಸಾ ಹರೀನಾ ಅಂತ ಸಿಗುತ್ತದೆ. ಎರಡು ಕಪ್ ಹಿಟ್ಟಿಗೆ ಹೆಚ್ಚುಕಡಿಮೆ ಒಂದೂವರೆ ಕಪ್ ಬೆಚ್ಚಗಿನ ನೀರು, ಚಿಟಿಕೆ ಉಪ್ಪು. ಕಲಸಿ ಅರ್ಧ ಗಂಟೆ ಮುಚ್ಚಿಡಿ. ನಿಂಬೆ ಗಾತ್ರದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಚಪ್ಪಟೆ ತಳದ ಪಾತ್ರೆಯಿಂದ ಒತ್ತಿ. ಚಿಪ್ಸ್‌ಗೆ ಆದಷ್ಟು ತೆಳ್ಳಗಿರಲಿ. ಕಾದ ಕಾವಲಿಯ ಮೇಲೆ ಎರಡೂ ಕಡೆ ಒಂದೊಂದು ನಿಮಿಷ ಬೇಯಿಸಿ.

ಇನ್ನು ನಿಮ್ಮ ನಿಜವಾದ ತೊಂದರೆಗೆ ಬರೋಣ. ಟೋರ್ಟಿಯಾವನ್ನು ಬಿಸಿಬಿಸಿಯಾಗಿಯೇ ಎಣ್ಣೆಗೆ ಹಾಕಬೇಡಿ. ಒಳಗೆ ತೇವ ಇದ್ದಷ್ಟೂ ಕರಿಯಲು ಹೊತ್ತು ಹಿಡಿಯುತ್ತದೆ, ಎಣ್ಣೆ ಕುಡಿಯುತ್ತದೆ, ಹೊರಗೆ ಕೆಂಪಾದರೂ ನಡುವೆ ಮೆತ್ತಗೇ ಉಳಿಯುತ್ತದೆ. ತ್ರಿಕೋನವಾಗಿ ಕತ್ತರಿಸಿ ತಟ್ಟೆಯಲ್ಲಿ ಹರಡಿ ರಾತ್ರಿ ಬಿಡಿ. ಮರುದಿನ ಅಂಚು ಗಡುಸಾಗಿರಬೇಕು. ಅವಸರವಿದ್ದರೆ ಓವನ್‌ನಲ್ಲಿ 150 ಡಿಗ್ರಿಗೆ ಹತ್ತು ನಿಮಿಷ ಇಡಿ. ನಿನ್ನೆಯ ಟೋರ್ಟಿಯಾ ಉಳಿದಿದ್ದರೆ ಇನ್ನೂ ಒಳ್ಳೆಯದು. ಮೆಕ್ಸಿಕೋದ ಮನೆಗಳಲ್ಲಿ ಉಳಿದದ್ದೇ ತೋತೋಪೋಸ್ ಆಗುವುದು.

ಎಣ್ಣೆ 175ರಿಂದ 180 ಡಿಗ್ರಿ ಇರಲಿ. ಒಂದು ಚೂರು ಹಾಕಿ ನೋಡಿ, ತಕ್ಷಣ ಗುಳ್ಳೆಯೆದ್ದು ಮೇಲೆ ತೇಲಬೇಕು. ಸ್ವಲ್ಪ ಸ್ವಲ್ಪವೇ ಹಾಕಿ. ಗುಳ್ಳೆ ಕಡಿಮೆಯಾಗಿ ಸದ್ದು ಇಳಿದರೆ ನೀರೆಲ್ಲ ಹೋಯಿತು ಅಂತ ಅರ್ಥ, ತೆಗೆಯಿರಿ. ಬಿಸಿಯಿದ್ದಾಗಲೇ ಉಪ್ಪು ಉದುರಿಸಿ, ಆರಿದ ಮೇಲೆ ಅದು ಅಂಟಲ್ಲ. ಪೂರ್ತಿ ಆರುವ ಮುಂಚೆ ಡಬ್ಬಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ.

ಇನ್ನು ಸಾಲ್ಸಾ, ಅಂದರೆ ಅವರ ಚಟ್ನಿ. ಹಸಿರು ಸಾಲ್ಸಾಕ್ಕೆ ಬೇಕಾದದ್ದು ತೊಮಾತಿಯೋ. ಅದು ಟೊಮೇಟೊ ಕಾಯಿ ಅಲ್ಲ, ಕಾಗದದಂಥ ಸಿಪ್ಪೆಯೊಳಗೆ ಬೆಳೆಯುವ ಬೇರೆಯೇ ಕಾಯಿ. ಸಿಪ್ಪೆ ಸುಲಿದರೆ ಮೈಯೆಲ್ಲ ಜಿಗುಟು. ಅದನ್ನು ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ತೊಳೆಯಲೇಬೇಕು. ಅರ್ಧ ಕೆಜಿ ಕಾಯಿ, ಎರಡು ಮೂರು ಸೆರಾನೋ ಮೆಣಸಿನಕಾಯಿ (ನಮ್ಮ ಹಸಿಮೆಣಸಿನಕಾಯಿಯೂ ಆಗುತ್ತದೆ) ಒಟ್ಟಿಗೆ ಬೇಯಿಸಿ. ಕಾಯಿಯ ಗಾಢ ಹಸಿರು ಮಾಸಿ ಆಲಿವ್ ಬಣ್ಣಕ್ಕೆ ತಿರುಗಿದ ಕೂಡಲೇ ಒಲೆ ಆರಿಸಿ, ಎಂಟು ಹತ್ತು ನಿಮಿಷ ಸಾಕು. ಒಡೆಯುವವರೆಗೆ ಬೇಯಿಸಿದರೆ ರುಚಿ ಕೆಡುತ್ತದೆ. ಬೇಯಿಸುವ ಬದಲು ಕಾವಲಿಯಲ್ಲಿ ಸುಡಲೂಬಹುದು. ಆದರೆ ಪೂರ್ತಿ ಕರಕಲಾದ ಸಿಪ್ಪೆ ತೆಗೆದುಬಿಡಿ. ನೀವು ಸುಟ್ಟು ಮಾಡಿದ್ದೆ ಅಂದಿರಲ್ಲ, ಕಹಿ ಬಹುಶಃ ಅಲ್ಲಿಂದಲೇ ಬಂದಿದೆ.

ಆರಿದ ಮೇಲೆ ಒಂದು ಎಸಳು ಬೆಳ್ಳುಳ್ಳಿ, ಕಾಲು ಈರುಳ್ಳಿ, ಹಿಡಿ ಕೊತ್ತಂಬರಿ, ಉಪ್ಪು ಸೇರಿಸಿ ಮಿಕ್ಸಿಯಲ್ಲಿ ತರಿತರಿಯಾಗಿ ತಿರುಗಿಸಿ. ನಿಂಬೆರಸ ಬೇಡ, ಹುಳಿ ಅದರಲ್ಲೇ ಬೇಕಾದಷ್ಟಿದೆ. ಫ್ರಿಜ್‌ನಲ್ಲಿಟ್ಟರೆ ಸಾಲ್ಸಾ ಜೆಲ್ಲಿ ಥರ ಗಟ್ಟಿಯಾಗುತ್ತದೆ, ಗಾಬರಿಯಾಗಬೇಡಿ. ಕಾಯಿಯಲ್ಲಿ ಪೆಕ್ಟಿನ್ ಎಂಬ ಗಟ್ಟಿಗೊಳಿಸುವ ಅಂಶ ಜಾಸ್ತಿ. ಒಂದೆರಡು ಚಮಚ ನೀರು ಹಾಕಿ ಕಲಕಿದರೆ ಸರಿಹೋಗುತ್ತದೆ.

ತೊಮಾತಿಯೋ ಸಿಗದಿದ್ದರೆ ಟೊಮೇಟೊ ಕಾಯಿ ಬೇಯಿಸಿ, ಆಗ ಮಾತ್ರ ನಿಂಬೆರಸ ಹಿಂಡಿ. ರುಚಿ ಅದೇ ಅಂತ ಹೇಳಲ್ಲ, ಆದರೆ ಚಿಪ್ಸ್ ಜೊತೆ ತಟ್ಟೆ ಖಾಲಿಯಾಗುತ್ತದೆ.