ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಳಬರಿಗೆಷ್ಟು ನಿಮಿಷ, ಹೊಸಬರಿಗೆಷ್ಟು?

ಹೈಸ್ಕೂಲಿನಲ್ಲಿ ಮಿಂಚಿದ ಹುಡುಗನನ್ನು ಅಮೆರಿಕದ ಕಾಲೇಜು ಕೋಚ್‌ಗಳು ಬೆಂಚಿನ ಮೇಲೆ ಕೂರಿಸಿ, ಅವನಷ್ಟು ಪ್ರತಿಭೆಯಿಲ್ಲದ ನಾಲ್ಕನೇ ವರ್ಷದವನನ್ನು ಯಾಕೆ ಆಡಿಸುತ್ತಾರೆ, ಸಮಯ ಹಂಚುವ ಲೆಕ್ಕವೇನು ಅಂತ ಕೇಳಿದ್ದೀರಿ.

ಮೊದಲು ಲೆಕ್ಕವನ್ನೇ ನೋಡೋಣ. ಪಂದ್ಯ 40 ನಿಮಿಷ, ಕೋರ್ಟಿನಲ್ಲಿ ಐವರು. ಹಂಚಲು ಸಿಗುವುದು ಒಟ್ಟು 200 ನಿಮಿಷ. ತಂಡದಲ್ಲಿ ಹದಿಮೂರು ಜನ ಇದ್ದು ಎಲ್ಲರಿಗೂ ಸಮನಾಗಿ ಹಂಚಿದರೆ ತಲಾ 15 ನಿಮಿಷ. ಯಾರಿಗೂ ಮೈ ಬಿಸಿಯಾಗುವುದಿಲ್ಲ. ಆರಂಭದ ಐವರಿಗೆ ತಲಾ 29 ಕೊಟ್ಟರೆ 145 ಆಯಿತು. ಉಳಿದ 55ರಲ್ಲಿ ಆರನೆಯವನಿಗೆ 22, ಏಳನೆಯವನಿಗೆ 18, ಎಂಟನೆಯವನಿಗೆ 10, ಮಿಕ್ಕ 5 ಫೌಲು, ಪೆಟ್ಟುಗಳಿಗೆ ಮೀಸಲು. ಬಹುಪಾಲು ಹೊಸಬರು ಸೀಸನ್ ಶುರುವಾಗುವ ನವೆಂಬರ್‌ನಲ್ಲಿ ಏಳನೆಯ ಅಥವಾ ಎಂಟನೆಯ ಜಾಗದಿಂದ ಶುರು ಮಾಡುತ್ತಾರೆ. ಹೈಸ್ಕೂಲಿನಲ್ಲಿ ಹೆಚ್ಚಿನ ಕಡೆ ಅವರು ಆಡಿ ಬಂದದ್ದು 32 ನಿಮಿಷದ ಪಂದ್ಯ ಅನ್ನುವುದೂ ನೆನಪಿರಲಿ.

ಹೊಸಬರ ನಿಮಿಷ ಕತ್ತರಿಸುವುದು ಸಾಮಾನ್ಯವಾಗಿ ಡಿಫೆನ್ಸ್, ಅದರಲ್ಲೂ ಚೆಂಡು ತಮ್ಮ ಹತ್ತಿರ ಇಲ್ಲದಾಗಿನ ಡಿಫೆನ್ಸ್. ಚೆಂಡು ಎಡಗಡೆ ಇದೆ, ನಮ್ಮ ಹುಡುಗ ಕಾಯಬೇಕಾದ ಎದುರಾಳಿ ಬಲ ಮೂಲೆಯಲ್ಲಿದ್ದಾನೆ ಅಂದುಕೊಳ್ಳಿ. ಆಗ ಹುಡುಗ ತನ್ನವನಿಗೆ ಅಂಟಿಕೊಂಡು ನಿಲ್ಲಬಾರದು. ರಿಂಗಿನ ಮುಂದಿನ ಬಣ್ಣದ ಪಟ್ಟಿಯೊಳಗೆ ಒಂದು ಕಾಲಿಟ್ಟು, ಒಂದು ಕೈಯಲ್ಲಿ ಚೆಂಡನ್ನೂ ಇನ್ನೊಂದರಲ್ಲಿ ತನ್ನವನನ್ನೂ ತೋರಿಸುತ್ತಾ ಇಬ್ಬದಿಯೂ ಕಣ್ಣಿಟ್ಟಿರಬೇಕು. ಯಾರಾದರೂ ನುಗ್ಗಿದರೆ ಅಡ್ಡ ನಿಲ್ಲಬೇಕು. ಪಾಸು ಮೂಲೆಗೆ ಹೋದರೆ ಓಡಿಹೋಗಿ, ಕೊನೆಯ ಎರಡು ಮೂರು ಹೆಜ್ಜೆ ಚಿಕ್ಕದು ಮಾಡಿ, ಕೈ ಎತ್ತಿ ತಡೆಯಬೇಕು. ಮೊದಲ ವರ್ಷದವನು ಚೆಂಡನ್ನೇ ನೋಡುತ್ತಾ ನಿಂತುಬಿಡುತ್ತಾನೆ; ಅವನ ಬೆನ್ನ ಹಿಂದಿನಿಂದ ಎದುರಾಳಿ ರಿಂಗಿನ ಕೆಳಗೆ ಜಾರಿಹೋಗುತ್ತಾನೆ. ಇಲ್ಲವೇ ದೊಡ್ಡ ಹೆಜ್ಜೆಯಲ್ಲೇ ಹಾರಿ ಬಂದು ಒಂದು ಸುಳ್ಳು ಶಾಟ್‌ಗೆ ಮೋಸಹೋಗುತ್ತಾನೆ. ಹೈಸ್ಕೂಲಿನಲ್ಲಿ ಇಂಥ ತಪ್ಪನ್ನು ಅವನ ಎತ್ತರ, ವೇಗ ಮುಚ್ಚಿಹಾಕುತ್ತಿದ್ದವು. ಇಲ್ಲಿ ಎದುರಿಗಿರುವವನಿಗೂ ಅವೆರಡೂ ಇವೆ.

ಫೌಲುಗಳೂ ಬರುವುದು ಇಲ್ಲಿಂದಲೇ. ಕಾಲು ತಡವಾದರೆ ಕೈ ಮುಂದೆ ಹೋಗುತ್ತದೆ. ಐದು ಫೌಲಾದರೆ ಆಟಗಾರ ಹೊರಗೆ. ಮೊದಲರ್ಧದಲ್ಲೇ ಎರಡಾದರೆ ಎಷ್ಟೋ ಕೋಚ್‌ಗಳು ವಿರಾಮದವರೆಗೆ ಕೂರಿಸಿಬಿಡುತ್ತಾರೆ. ಪುರುಷರ ಆಟದಲ್ಲಿ ಒಂದು ಅರ್ಧದಲ್ಲಿ ತಂಡದ ಏಳನೇ ಫೌಲಿನಿಂದ ಎದುರಾಳಿಗೆ ಫ್ರೀ ಥ್ರೋ (ಯಾರೂ ಅಡ್ಡಬರದೆ ರಿಂಗಿಗೆ ಎಸೆಯುವ ಅವಕಾಶ) ಸಿಗಲು ಶುರುವಾಗುವುದರಿಂದ, ಒಬ್ಬ ಹೊಸಬನ ಕೈತಪ್ಪಿನ ದಂಡವನ್ನು ಇಡೀ ತಂಡ ತೆರುತ್ತದೆ.

ಹಾಗಂತ ಕೂರಿಸಿಟ್ಟರೆ ಕಲಿಯುವುದೂ ಇಲ್ಲ. ನನಗೆ ಸರಿ ಕಾಣುವ ಕ್ರಮ ಹೀಗಿದೆ. ಹೊಸಬನ ಮೊದಲ ಪಾಳಿ ಯಾವಾಗ ಅಂತ ಪಂದ್ಯಕ್ಕೆ ಮೊದಲೇ ನಿಗದಿ ಮಾಡಿ ಅವನಿಗೂ ಹೇಳಬೇಕು. ಮೊದಲರ್ಧದಲ್ಲಿ ಸುಮಾರು 14 ನಿಮಿಷ ಉಳಿದಿರುವಾಗ ಒಳಗೆ, ನಾಲ್ಕು ನಿಮಿಷ ಗ್ಯಾರಂಟಿ, ಒಂದು ತಪ್ಪಿಗೆ ಹೊರಗೆ ಎಳೆಯುವುದಿಲ್ಲ. ತಪ್ಪಾದ ಕೂಡಲೇ ಎಳೆದರೆ ಅವನು ಬೆಂಚಿನ ಕಡೆ ನೋಡುತ್ತಾ ಆಡತೊಡಗುತ್ತಾನೆ, ಇನ್ನಷ್ಟು ತಡವಾಗುತ್ತಾನೆ. ನಾಲ್ವರು ಹಳಬರ ನಡುವೆ ಒಬ್ಬ ಹೊಸಬ, ಅದು ಕುದುರಿದ ಮೇಲೆ ಇಬ್ಬರು. ಇಬ್ಬರು ಹೊಸ ಗಾರ್ಡ್‌ಗಳನ್ನು (ಚೆಂಡನ್ನು ಮುಂದಕ್ಕೆ ತರುವ ಆಟಗಾರರನ್ನು) ಮೊದಲೇ ಒಟ್ಟಿಗೆ ಬಿಟ್ಟರೆ ಎದುರಾಳಿ ಕೋರ್ಟಿನುದ್ದಕ್ಕೂ ಒತ್ತಡ ಹಾಕಿ ಚೆಂಡು ಕಿತ್ತುಕೊಳ್ಳುತ್ತಾನೆ. ಹೊಸ ಗಾರ್ಡ್ ಜೊತೆಗೆ ಸ್ಕ್ರೀನ್ (ಎದುರಾಳಿ ದಾರಿಗೆ ಅಡ್ಡ ನಿಂತು ತಡೆಯುವುದು) ಬಂದಾಗ ಬಾಯಿಬಿಟ್ಟು ಕೂಗಿ ಹೇಳುವ ಹಳೆಯ ಸೆಂಟರ್, ಅಂದರೆ ರಿಂಗಿನ ಬಳಿ ಆಡುವ ಎತ್ತರದವನು, ಇರಲೇಬೇಕು.

ಹಳಬನನ್ನು ತಾಜಾ ಇಡಲು ಟಿವಿ ಟೈಮ್‌ಔಟ್‌ಗಳನ್ನು (ಜಾಹೀರಾತಿಗೆಂದು ಆಟ ನಿಲ್ಲಿಸುವ ವಿರಾಮಗಳನ್ನು) ಬಳಸಿಕೊಳ್ಳಬೇಕು. ಅವು ಪ್ರತಿ ಅರ್ಧದಲ್ಲಿ 16, 12, 8, 4 ನಿಮಿಷ ಉಳಿದ ಮೇಲೆ ಮೊದಲ ಸಲ ಆಟ ನಿಂತಾಗ ಬರುತ್ತವೆ. 13ರ ಹತ್ತಿರ ಆಟ ನಿಂತಾಗ ಅವನನ್ನು ಹೊರಗೆ ಕರೆದು, 12ರ ಟೈಮ್‌ಔಟ್ ಮುಗಿಸಿ ಒಳಗೆ ಬಿಟ್ಟರೆ ಗಡಿಯಾರದಲ್ಲಿ ಹೋಗುವುದು ಒಂದು ನಿಮಿಷದ ಆಸುಪಾಸು, ನಿಜವಾಗಿ ಸಿಗುವ ಉಸಿರು ಅದರ ಎರಡು ಮೂರು ಪಟ್ಟು. ಕೊನೆಯ ಒಂದು ನಿಮಿಷದಲ್ಲಿ ಆಟ ನಿಂತಾಗಲೆಲ್ಲ ಅದಲುಬದಲು ಮಾಡಬಹುದು: ನಮ್ಮ ಚೆಂಡಾದರೆ ಶಾಟ್ ಚೆನ್ನಾಗಿರುವ ಹೊಸಬ, ಅವರ ಚೆಂಡಾದರೆ ಹಳಬ.

ಎರಡು ತಂಡಗಳನ್ನು ನೋಡಿ. 2014-15ರ ಕೆಂಟಕಿ ವಿಶ್ವವಿದ್ಯಾಲಯದ ತಂಡದಲ್ಲಿ ಕೋಚ್ ಜಾನ್ ಕ್ಯಾಲಿಪಾರಿ ಐದೈದು ಜನರ ಎರಡು ಗುಂಪು ಮಾಡಿ ಸರದಿಯಲ್ಲಿ ಬಿಟ್ಟರು. ಸರಿಸಮನಾದ ಹತ್ತು ಜನ ಇದ್ದರೆ ಮಾತ್ರ ನಡೆಯುವ ಏರ್ಪಾಡು ಅದು. ಡಿಸೆಂಬರ್‌ನಲ್ಲಿ ಆ ಹತ್ತರಲ್ಲಿ ಒಬ್ಬನಾದ ಅಲೆಕ್ಸ್ ಪಾಯ್‌ತ್ರೆಸ್‌ನ ಮೊಣಕಾಲಿಗೆ ಪೆಟ್ಟಾದ ಮೇಲೆ ಸಡಿಲವಾಯಿತು. ಆದರೂ 38 ಪಂದ್ಯ ಸತತ ಗೆದ್ದರು. ಪಂದ್ಯಕ್ಕೆ ಸರಾಸರಿ 21 ನಿಮಿಷದಷ್ಟೇ ಆಡಿದ ಮೊದಲ ವರ್ಷದ ಕಾರ್ಲ್-ಆಂಥನಿ ಟೌನ್ಸ್ ಆ ವರ್ಷದ ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ, ಮೊದಲಿಗನಾದ. ನಿಮಿಷ ಕಡಿಮೆಯಾದರೆ ಭವಿಷ್ಯ ಹೋಯಿತು ಅನ್ನುವ ಪೋಷಕರಿಗೆ ಇದನ್ನು ತೋರಿಸಬೇಕು. ಅದೇ ವರ್ಷ ಚಾಂಪಿಯನ್ ಆದ ಡ್ಯೂಕ್ ವಿಶ್ವವಿದ್ಯಾಲಯದ ತಂಡದಲ್ಲಿ ಮೂವರು ಹೊಸಬರು ಆರಂಭದಿಂದಲೇ ಆಡಿದರು. ನಾಲ್ಕನೇ ವರ್ಷದ ಕ್ವಿನ್ ಕುಕ್, ಆಟ ನಡೆಸುವ ಪಾಯಿಂಟ್ ಗಾರ್ಡ್ ಜಾಗವನ್ನು ಆ ಮೂವರಲ್ಲಿ ಒಬ್ಬನಾದ ಟೈಯಸ್ ಜೋನ್ಸ್‌ಗೆ ಬಿಟ್ಟು ಪಕ್ಕಕ್ಕೆ ಸರಿದ. ವರ್ಷವಿಡೀ ಬೆಂಚಿನಲ್ಲೇ ಹೆಚ್ಚು ಕೂತಿದ್ದ ಇನ್ನೊಬ್ಬ ಹೊಸಬ ಗ್ರೇಸನ್ ಅಲೆನ್, ವಿಸ್ಕಾನ್ಸಿನ್ ವಿರುದ್ಧ 68-63ರಲ್ಲಿ ಗೆದ್ದ ಫೈನಲ್‌ನಲ್ಲಿ 16 ಪಾಯಿಂಟ್ ಹೊಡೆದ.

ಕುಕ್‌ನಂಥವನ ಮನಸ್ಸು ಕಾಯುವುದು ನಿಮಿಷದ ಲೆಕ್ಕಕ್ಕಿಂತ ಕಷ್ಟದ ಕೆಲಸ. ಜಾಗ ಹೋಗುವ ಸುದ್ದಿ ಹಳಬನಿಗೆ ಬೋರ್ಡಿನ ಮೇಲಿನ ಹೆಸರಿನಿಂದ ಗೊತ್ತಾಗಬಾರದು. ಹಿಂದಿನ ದಿನವೇ ಒಬ್ಬನನ್ನೇ ಕೂರಿಸಿಕೊಂಡು ಕಾರಣ, ಹೊಸ ಕೆಲಸ, ಕೊನೆಯ ನಾಲ್ಕು ನಿಮಿಷದಲ್ಲಿ ಅವನೇ ಇರುತ್ತಾನೋ ಇಲ್ಲವೋ, ಮೂರನ್ನೂ ನೇರವಾಗಿ ಹೇಳಬೇಕು. 2021ರಲ್ಲಿ ಒಂದು ಸಲ ಕಾಲೇಜು ಬದಲಿಸಿದರೂ ಆಡದೆ ಒಂದು ವರ್ಷ ಕೂರಬೇಕಿಲ್ಲ ಅಂತಾದ ಮೇಲಂತೂ ಮುಚ್ಚುಮರೆ ಮಾಡಿದರೆ ಆಟಗಾರ ಉಳಿಯುವುದಿಲ್ಲ.

ಮುಂದಿನ ಪಂದ್ಯದಲ್ಲಿ ಎರಡು ನಿಮಿಷ ಚೆಂಡು ಬಿಟ್ಟು ನೀವು ಹೇಳಿದ ಆ ಹುಡುಗನನ್ನೇ ನೋಡಿ. ಚೆಂಡು ಆಚೆ ಬದಿಗಿದ್ದಾಗ ಅವನ ಒಂದು ಕಾಲು ಬಣ್ಣದ ಪಟ್ಟಿಯೊಳಗಿದೆಯಾ, ತಲೆ ಆಚೀಚೆ ತಿರುಗುತ್ತಿದೆಯಾ ಗಮನಿಸಿ. ಇವೆರಡೂ ಇದ್ದರೆ ಫೆಬ್ರುವರಿ ಹೊತ್ತಿಗೆ ಅವನ ನಿಮಿಷ ಹೆಚ್ಚುವ ಸಾಧ್ಯತೆ ಚೆನ್ನಾಗಿದೆ.