ಅಮೆರಿಕದ ಕಲ್ಲು, ಕುಷ್ಟಗಿಯ ಇಂಜೆಕ್ಷನ್: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣ ನನ್ನ ಹತ್ತಿರ ಬಂದಿದ್ದು ಹೆಂಡತಿಯ ಕಡೆಯಿಂದ. ಕೊಪ್ಪಳ ಜಿಲ್ಲೆ, ಕುಷ್ಟಗಿ ಕಡೆಯವರು. ಆಕೆಯನ್ನು ರೇಣುಕಾ ಅನ್ನೋಣ, ಗಂಡನನ್ನು ಶರಣು ಅನ್ನೋಣ. ಹೆಸರು, ವಯಸ್ಸು, ಊರು ಎಲ್ಲ ಬದಲಿಸಿದ್ದೇನೆ, ಬರೆಯೋದಕ್ಕೆ ಇಬ್ಬರೂ ಒಪ್ಪಿದ್ದಾರೆ. ಮನೆತನದ ಕಲ್ಲಿನ ಕೆಲಸವನ್ನು ಮಾತ್ರ ಬದಲಿಸಿಲ್ಲ, ಅದನ್ನು ತೆಗೆದರೆ ಹೇಳೋಕೆ ಏನೂ ಉಳಿಯೋದಿಲ್ಲ.

"ಮೇಡಂ, ನಮ್ಮನಿಯವ್ರು ಇಂಜೆಕ್ಷನ್ ಬ್ಯಾಡ ಅಂತಾರ್ರಿ. ಆಶಾ ಅಕ್ಕ ಬಂದ್ರ ಬಾಗಿಲಾ ಹಾಕ್ತಾರ. ಕಬ್ಬಿಣದ ಗುಳಿಗಿನೂ ಹಿತ್ತಲಕ್ಕ ಒಗದಾರ." ಐದು ತಿಂಗಳ ಬಸುರಿ ಆಕೆ. ತಾಯಿ ಕಾರ್ಡಿನಲ್ಲಿ ಟಿಡಿ, ಅಂದರೆ ಧನುರ್ವಾಯು ತಡೆಯೋ ಇಂಜೆಕ್ಷನ್ ಜಾಗ ಖಾಲಿ ಇತ್ತು. ಯಾಕೆ ಬೇಡವಂತೆ ಅಂತ ಕೇಳಿದೆ. "ಅಮೆರಿಕಾದಾಗ ಒಂದು ಕಲ್ಲು ಇತ್ತಂತ್ರಿ, ಅದರ ಮ್ಯಾಲ ಬರದಿದ್ರಂತ, ಮಂದೀನ ಕಡಿಮಿ ಮಾಡ್ಬೇಕು ಅಂತ."

ಈ ಕಲ್ಲಿನ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಜಾರ್ಜಿಯಾ ರಾಜ್ಯದ ಎಲ್ಬರ್ಟನ್ ಊರಿನ ಹತ್ತಿರ 1980ರ ಮಾರ್ಚ್‌ನಲ್ಲಿ ನಿಲ್ಲಿಸಿದ ಗ್ರಾನೈಟ್ ಚಪ್ಪಡಿಗಳು, ಜಾರ್ಜಿಯಾ ಗೈಡ್‌ಸ್ಟೋನ್ಸ್ ಅಂತ ಹೆಸರು. 19 ಅಡಿ ಎತ್ತರ, ಎಲ್ಲ ಸೇರಿ 100 ಟನ್‌ಗೂ ಜಾಸ್ತಿ ತೂಕ. 1979ರಲ್ಲಿ ಆರ್. ಸಿ. ಕ್ರಿಶ್ಚಿಯನ್ ಅಂತ ಸುಳ್ಳು ಹೆಸರು ಹೇಳಿಕೊಂಡ ಒಬ್ಬಾತ ಅಲ್ಲಿನ ಗ್ರಾನೈಟ್ ಕಂಪನಿಗೆ ಆರ್ಡರ್ ಕೊಟ್ಟು ಹೋದ. 10 ಸೂತ್ರಗಳನ್ನು 8 ಭಾಷೆಗಳಲ್ಲಿ ಕೆತ್ತಿದ್ದರು, ಅದರಲ್ಲಿ ಹಿಂದಿಯೂ ಒಂದು. ಮೊದಲ ಸೂತ್ರವೇ ರಗಳೆಯದ್ದು: ಮನುಷ್ಯರ ಸಂಖ್ಯೆ 50 ಕೋಟಿಯೊಳಗೆ ಇರಲಿ ಅಂತ. 2022ರ ಜುಲೈ 6ರ ನಸುಕಿನಲ್ಲಿ ಯಾರೋ ಬಾಂಬ್ ಇಟ್ಟು ಒಂದು ಚಪ್ಪಡಿ ಬೀಳಿಸಿದರು, ಅಪಾಯ ಅಂತ ಉಳಿದದ್ದನ್ನು ಅವತ್ತೇ ಕೆಡವಿದರು. ಸುಳ್ಳು ಹೆಸರು, ಗುಟ್ಟಿನ ದುಡ್ಡು, ಬಾಂಬ್. ಕಥೆ ಕಟ್ಟೋರಿಗೆ ಇನ್ನೇನು ಬೇಕು ಹೇಳಿ?

ಶರಣು ಮೊದಲ ಸಲ ಬಂದಾಗ ಕೂತ ಕೂಡಲೇ ಫೋನ್ ಮುಂದಿಟ್ಟ. ಜಗತ್ತನ್ನು ನಡೆಸೋ ಗುಪ್ತ ಸರ್ಕಾರ ಒಂದಿದೆ, ವಿಶ್ವಸಂಸ್ಥೆ ಬರೀ ಮುಖವಾಡ, ಡಾಲರ್ ನೋಟಿನ ಕಣ್ಣು ಅವರ ಗುರುತು, ಲಸಿಕೆ ಅವರ ಆಯುಧ. ನಾನು ಯಾವುದಕ್ಕೂ ಅಡ್ಡ ಬರಲಿಲ್ಲ. ಅಡ್ಡ ಬರೋ ಕೆಲಸವನ್ನು ಮನೆಯವರು ಆಗಲೇ ಬೇಕಾದಷ್ಟು ಮಾಡಿದ್ದರು. ಅಣ್ಣ "ಹುಚ್ಚ" ಅಂದಿದ್ದ, ಮಾವ ಫೋನ್ ಕಸಿದುಕೊಂಡಿದ್ದರು, ಅದಾದ ಮೇಲೆ ಅವನ ನಂಬಿಕೆ ಇನ್ನೂ ಗಟ್ಟಿಯಾಗಿತ್ತು.

ಇಂಥವರು ಬಂದಾಗ ಮೊದಲು ನೋಡೋದು ಬೇರೆ. ಯಾರೂ ಇಲ್ಲದಾಗ ದನಿ ಕೇಳಿಸುತ್ತದಾ? ಆ ಗುಪ್ತ ಸರ್ಕಾರ ನಿಮ್ಮ ಒಬ್ಬರನ್ನೇ ಹಿಂಬಾಲಿಸುತ್ತಿದೆಯಾ? ನಿದ್ದೆ, ಊಟ, ಕೆಲಸ ಹೇಗಿದೆ? ದನಿ ಗಿನಿ ಇಲ್ಲ, ಗ್ರಾನೈಟ್ ಪಾಲಿಶಿಂಗ್ ಘಟಕದಲ್ಲಿ ಲೆಕ್ಕ ಬರೆಯೋ ಕೆಲಸ ಸರಿಯಾಗೇ ನಡೆದಿತ್ತು. ನಿದ್ದೆ ಮಾತ್ರ ಕೆಟ್ಟಿತ್ತು, ರಾತ್ರಿ ಎರಡರ ತನಕ ವಿಡಿಯೋ. ದನಿ ಕೇಳಿಸುತ್ತದೆ ಅಂದಿದ್ದರೆ ಮಾತಿನಲ್ಲಿ ಕಾಲ ಕಳೆಯದೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇಂಥ ನಂಬಿಕೆ ಇರೋರೆಲ್ಲ ಕಾಯಿಲೆಯವರಲ್ಲ, ಹೆಚ್ಚಿನವರು ಅಲ್ಲವೇ ಅಲ್ಲ.

ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಇದನ್ನು ಯಾವಾಗಿನಿಂದ ನೋಡ್ತಿದ್ದೀರಿ ಶರಣು?" ಸ್ವಲ್ಪ ಹೊತ್ತು ಸುಮ್ನೆ ಕೂತ. "ಮದಲನೇದ್ದು ಹೋದ ಮ್ಯಾಲ್ರಿ."

ಎರಡು ವರ್ಷದ ಹಿಂದೆ ರೇಣುಕಾಗೆ ಮೊದಲ ಗರ್ಭ ಮೂರನೇ ತಿಂಗಳಿಗೆ ಹೋಗಿತ್ತು. ಅದಕ್ಕೆ ಕೆಲವೇ ದಿನ ಮೊದಲು ಇಂಜೆಕ್ಷನ್ ಹಾಕಿದ್ದರು. ಯಾಕೆ ಹೀಗಾಯಿತು ಅಂತ ಶರಣು ಒಂದು ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ, "ಹಂಗಾಗತಾವ, ಇನ್ನೊಂದು ಆಗತೈತಿ ಹೋಗ್ರಿ" ಅಂದರಂತೆ. ಅವತ್ತು ರಾತ್ರಿ ಫೋನಿನಲ್ಲಿ ಹುಡುಕೋಕೆ ಕೂತವನಿಗೆ ಉತ್ತರ ಸಿಕ್ಕಿತು, ಅದೂ ಎಂಥ ಉತ್ತರ! ಹೆಸರಿಡಬಹುದಾದ ಶತ್ರು, ತಾರೀಖು, ಕಲ್ಲಿನ ಮೇಲೆ ಕೆತ್ತಿದ ಸಾಕ್ಷಿ. ಆಸ್ಪತ್ರೆಯಲ್ಲಿ ಯಾರಾದರೂ ಐದು ನಿಮಿಷ ಕೂತು, ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮಿನಲ್ಲೇ ಇರೋ ದೋಷ, ಅದು ನಿಮ್ಮ ತಪ್ಪೂ ಅಲ್ಲ ಇಂಜೆಕ್ಷನ್ ತಪ್ಪೂ ಅಲ್ಲ ಅಂತ ಹೇಳಿದ್ದರೆ ಅವನು ಜಾರ್ಜಿಯಾ ತನಕ ಹೋಗುತ್ತಲೇ ಇರಲಿಲ್ಲವೇನೋ. ನನಗೆ ಹಾಗನ್ನಿಸುತ್ತದೆ. ಈ ಮಾತನ್ನು ಅವನಿಗೆ ನಾನು ಹೇಳಲಿಲ್ಲ, ಗೊತ್ತಿರುವ ಒಬ್ಬ ಹೆರಿಗೆ ಡಾಕ್ಟರಮ್ಮನ ಹತ್ತಿರ ಗಂಡ ಹೆಂಡತಿ ಇಬ್ಬರನ್ನೂ ಕಳಿಸಿದೆ. ಹಳೇ ಚೀಟಿಗಳನ್ನೆಲ್ಲ ತಗೊಂಡು ಹೋಗಿ, ಎರಡು ವರ್ಷದ ಹಿಂದಿನ ಪ್ರಶ್ನೆಯನ್ನೇ ಕೇಳಿ ಅಂದೆ.

ಕಲ್ಲಿನ ವಿಷಯಕ್ಕೆ ಅವನ ಅಪ್ಪನೇ ಬೇಕಾಯಿತು. ಹಿರಿಯರು ಕಲ್ಲಿನ ಕ್ವಾರಿಯಲ್ಲಿ ಜೀವನ ಸವೆಸಿದವರು, ಉಳಿ, ಸುತ್ತಿಗೆ, ಆಮೇಲೆ ಡ್ರಿಲ್ಲಿಂಗ್ ಮೆಷಿನ್ನು. ಅಪ್ಪ ಮಗ ಮಾತು ಬಿಟ್ಟಿದ್ದರು. ಇಬ್ಬರನ್ನೂ ಕೂರಿಸಿ, ಶರಣು ಕೈಯಲ್ಲೇ ಆ ಫೋಟೋ ತೋರಿಸೋಕೆ ಹೇಳಿದೆ. ಅಪ್ಪ ಫೋನನ್ನು ದೂರ ಹಿಡಿದು ನೋಡಿದರು. ಅವರಿಗೆ 50 ಕೋಟಿ ಬೇಕಾಗಿರಲಿಲ್ಲ. "ಇದು ಕ್ವಾರಿ ಇರೋ ಊರೇನು?" ಹೌದು, ಎಲ್ಬರ್ಟನ್ ಅಂದರೆ ಗ್ರಾನೈಟಿಗೇ ಹೆಸರಾದ ಊರು. "ಹಂಗಾದ್ರ ಬಾಡಿಗಿ ಉಳೀತು. ಬಿಲ್ ಯಾರು ಕೊಟ್ರು?" ಆರ್ಡರ್ ಕೊಟ್ಟವನ ಅಸಲಿ ಹೆಸರು ಗೊತ್ತಿದ್ದದ್ದು ಅಲ್ಲಿನ ಬ್ಯಾಂಕಿನ ವಯಾಟ್ ಮಾರ್ಟಿನ್ ಎಂಬಾತನಿಗೆ, ದುಡ್ಡು ಅವನ ಮೂಲಕ ಬಂತು ಅಂತ ಶರಣುವೇ ಹೇಳಿದ. ಅಪ್ಪ ನಕ್ಕರು. "ಜಗತ್ತು ಆಳೋರು ಬಂದು ನಮ್ಮಂಥ ಕ್ವಾರಿಯವ್ರ ಮುಂದ ರೇಟ್ ಕೇಳ್ತಾರೇನೋ ತಮ್ಮಾ?"

ಶರಣು ನಗಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ಹಿರೇಬೆಣಕಲ್ ಬೆಟ್ಟದ ಮೊರಿಯರ ಮನೆಗಳೂ ಅದೇ ಗುಪ್ತ ಜನರ ಕೆಲಸ ಅಂತ ಅವನ ಇನ್ನೊಂದು ವಾದ ಇತ್ತು. ಅಲ್ಲೂ ನಿಂತ ಚಪ್ಪಡಿ, ಅಲ್ಲೂ ದುಂಡನೆಯ ತೂತು. ಸರಿ, ಇಲ್ಲೇ ಗಂಗಾವತಿ ಹತ್ತಿರ ಅಲ್ವಾ, ಅಪ್ಪನನ್ನು ಕರೆದುಕೊಂಡು ಹೋಗಿ ನೋಡಿಬನ್ನಿ ಅಂದೆ. ಸುಮಾರು 400 ಕಲ್ಲಿನ ರಚನೆಗಳಿವೆ ಅಲ್ಲಿ, ಕಬ್ಬಿಣ ಯುಗದವು, ಸತ್ತವರಿಗಾಗಿ ಕಟ್ಟಿದವು. ಮೊರಿಯರು ಅನ್ನೋ ಗಿಡ್ಡ ಜನ ಅಲ್ಲಿ ವಾಸ ಇದ್ದರು ಅನ್ನೋದು ಊರವರ ಕಥೆ. ಅಪ್ಪ ಬೆಟ್ಟ ಹತ್ತಿ ಕತೆ ಗಿತೆ ಕೇಳದೆ ಚಪ್ಪಡಿಯ ಅಂಚಿಗೆ ಕೈ ಹಾಕಿದರಂತೆ. ಮೇಲಿನ ಬಂಡೆ ಪದರ ಪದರವಾಗಿ ಎದ್ದಿರೋದನ್ನು, ಅದರ ಸಂದಿನಲ್ಲಿ ಬೆಣೆ ಹೊಡೆದು ಎತ್ತಬಹುದು ಅನ್ನೋದನ್ನು ಮಗನ ಕೈ ಹಿಡಿದು ಸವರಿಸಿ ತೋರಿಸಿದರಂತೆ. ಪಕ್ಕದ ನೀರಿನ ಹೊಂಡದ ಹತ್ತಿರ ನಿಂತು, "ಇದ ನೋಡು ಅವರ ಕ್ವಾರಿ" ಅಂದರಂತೆ. ಪುರಾತತ್ವದವರೂ ಹೇಳೋದು ಅದನ್ನೇ, ಆ ಹೊಂಡ ಕಲ್ಲು ತೆಗೆದ ಜಾಗ. ಹಿರಿಯರು ಯಾವ ಪುಸ್ತಕವನ್ನೂ ಓದಿದವರಲ್ಲ. ಬಾರಿಸಿದರೆ ನಗಾರಿಯ ಹಾಗೆ ಸದ್ದು ಮಾಡೋ ಬಂಡೆಯನ್ನು ಅಪ್ಪ ಮಗ ಇಬ್ಬರೂ ಬಾರಿಸಿ ಬಂದರು.

ಮುಂದಿನ ಸಲ ಶರಣು ಒಂದು ಲೆಕ್ಕ ತಂದಿದ್ದ. ಕಲ್ಲು ನಿಲ್ಲಿಸಿದಾಗ ಜಗತ್ತಿನ ಜನಸಂಖ್ಯೆ ಸುಮಾರು 440 ಕೋಟಿ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2022ರ ನವೆಂಬರ್‌ನಲ್ಲಿ ಅದು 800 ಕೋಟಿ ದಾಟಿತು. "ಕಡಿಮಿ ಮಾಡೋರು ಇದ್ದಿದ್ರ ಇಷ್ಟು ವರ್ಷ ಏನ್ ಮಾಡ್ತಿದ್ರು ಮೇಡಂ?" ಲೆಕ್ಕ ಬರೆಯೋ ಮನುಷ್ಯ, ಕೊನೆಗೆ ಲೆಕ್ಕವೇ ಅವನಿಗೆ ಒಗ್ಗಿತು. ಇದೇ ಅಂಕಿಯನ್ನು ಮೊದಲ ದಿನ ನಾನು ಹೇಳಿದ್ದರೆ ವಿಶ್ವಸಂಸ್ಥೆಯ ಅಂಕಿ ಸುಳ್ಳು ಅಂತಿದ್ದ, ಖಂಡಿತ.

ಇನ್ನು ಕೊಟ್ಟ ಸಲಹೆ. ಶರಣುಗೆ ಹೇಳಿದ್ದು: ಗುಪ್ತ ಸರ್ಕಾರ ಇದೆ ಅಂತ ನಂಬೋದಿದ್ದರೆ ನಂಬಿ, ಅದಕ್ಕೆ ಗಡುವಿಲ್ಲ. ಇಂಜೆಕ್ಷನ್‌ಗೆ ಗಡುವಿದೆ. ಒಂದು ಹಾಕಿ ನಾಲ್ಕು ವಾರಕ್ಕೆ ಇನ್ನೊಂದು. ತಾಯಿಯ ಮೈಯಲ್ಲಿ ಹುಟ್ಟೋ ರಕ್ಷಣೆ ಮಗುವಿಗೂ ಹೋಗುತ್ತದೆ, ಹೊಕ್ಕುಳ ಬಳ್ಳಿ ಕೊಯ್ದ ಜಾಗದಿಂದ ಧನುರ್ವಾಯು ಬರೋದು ತಪ್ಪುತ್ತದೆ. ಇಂಥ ಇಂಜೆಕ್ಷನ್ ಮತ್ತು ಶುಚಿಯಾದ ಹೆರಿಗೆಗಳಿಂದಲೇ 2015ರಲ್ಲಿ ಭಾರತ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದ ದೇಶ ಅನ್ನಿಸಿಕೊಂಡಿತು. ಮೈ ರೇಣುಕಾದು, ತೀರ್ಮಾನವೂ ಆಕೆಯದೇ. ನಿಮಗೆ ಹೆದರಿಕೆ ಆದರೆ ಬಾಗಿಲು ಹಾಕಬೇಡಿ, ಜೊತೆಗೆ ಹೋಗಿ. ರಾತ್ರಿ ಹತ್ತರ ಮೇಲೆ ಫೋನ್ ಅಡುಗೆಮನೆಯಲ್ಲಿರಲಿ.

ರೇಣುಕಾಗೆ ಹೇಳಿದ್ದು: ವಿಡಿಯೋ ಬಗ್ಗೆ ಜಗಳ ಬೇಡ, ಅದು ನಿಮ್ಮ ಕೆಲಸ ಅಲ್ಲ. "ನಿಮಗ ಏನು ಹೆದರಿಕಿ ಆಗೇತಿ" ಅಂತ ಮಾತ್ರ ಕೇಳಿ. ಆತ ಒಪ್ಪಲಿ ಬಿಡಲಿ, ಆಶಾ ಅಕ್ಕನ ಜೊತೆ ನೀವು ಹೋಗಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಕೈ ಎತ್ತಿದರೆ ಅಥವಾ ಕೂಡಿಹಾಕಿದರೆ ಅದು ಬೇರೆ ವಿಷಯ, ತಕ್ಷಣ ನನಗೆ ತಿಳಿಸಿ. ಅಣ್ಣನಿಗೂ ಒಂದು ಮಾತು ಹೇಳಿದೆ, ಹುಚ್ಚ ಅನ್ನೋದನ್ನು ನಿಲ್ಲಿಸಿ ಅಂತ. ನಾನು ಸಿಗದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಎರಡೂ ಇಂಜೆಕ್ಷನ್ ಆದವು, ಎರಡಕ್ಕೂ ಶರಣು ಜೊತೆಗೆ ಹೋಗಿದ್ದ. ಹಾಗಂತ ಪೂರ್ತಿ ಬದಲಾದ ಅಂತಲ್ಲ. ಬಾಂಬ್ ಇಟ್ಟವರು ಯಾಕೆ ಸಿಕ್ಕಿಲ್ಲ ಅಂತ ಈಗಲೂ ಕೇಳುತ್ತಾನೆ, ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಹೆರಿಗೆಗೆ ಇನ್ನೂ ಟೈಮ್ ಇದೆ. ಹುಟ್ಟಿದ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು 24 ಗಂಟೆಯೊಳಗೆ ಹಾಕಬೇಕು, ಬಿಸಿಜಿ ಮತ್ತು ಪೋಲಿಯೋ ಹನಿಯೂ ಇದೆ. ಅವತ್ತಿನ ಗಡಿಬಿಡಿಯಲ್ಲಿ ಮತ್ತೆ ಜಗಳ ಬೇಡ, ಈಗಲೇ ಕೂತು ಮಾತಾಡಿಕೊಳ್ಳಿ ಅಂತ ಇಬ್ಬರಿಗೂ ಹೇಳಿ ಕಳಿಸಿದ್ದೇನೆ. ಶರಣು ಮೂರರ ಹೆಸರನ್ನೂ ಬರೆದುಕೊಂಡು ಹೋಗಿದ್ದಾನೆ. ಒಂದೊಂದು ಯಾಕೆ ಅಂತ ಡಾಕ್ಟರಮ್ಮನನ್ನೇ ಕೇಳುತ್ತಾನಂತೆ. ಆಕೆಗೂ ಫೋನ್ ಮಾಡಿ ಹೇಳಿದ್ದೇನೆ, ಅವನು ಬಂದಾಗ ಸ್ವಲ್ಪ ಟೈಮ್ ಇಟ್ಟುಕೊಳ್ಳಿ ಅಂತ.