ಹಣಕಾಸು ಪ್ರಶ್ನೋತ್ತರ: ಅಲರ್ಟ್ ಮುಚ್ಚಿದವರೂ ಹೊಣೆಯೇ?

ಪ್ರಶ್ನೆ: ವಿದೇಶಿ ಬ್ಯಾಂಕೊಂದರ ಬೆಂಗಳೂರಿನ ಬ್ಯಾಕ್ ಆಫೀಸಿನಲ್ಲಿ ನನ್ನ ಕೆಲಸ. ಅನುಮಾನದ ವ್ಯವಹಾರಗಳ ಅಲರ್ಟ್ ನೋಡಿ ಮುಚ್ಚಬೇಕು. ದಿನಕ್ಕೆ ಇಷ್ಟು ಅಂತ ಟಾರ್ಗೆಟ್. ಕೆಲವು ಸರಿಯಿಲ್ಲ ಅನ್ನಿಸಿದರೂ ‘ಕ್ಲೋಸ್ ಮಾಡಿ’ ಅಂತಾರೆ. ನಾಳೆ ಅದು ಕಳ್ಳದುಡ್ಡು ಅಂತಾದರೆ ಪಾಪ ನನ್ನದಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಪಾಪಪುಣ್ಯದ ವಿಚಾರ ಪುರೋಹಿತರನ್ನು ಕೇಳಿ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತು ನಿವೃತ್ತಳಾದವಳು ನಾನು, ಕಾಗದಪತ್ರದ ವಿಚಾರ ಹೇಳಬಲ್ಲೆ.

ನಿಮ್ಮ ಪ್ರಶ್ನೆಗೆ ಹೊಂದುವ ಒಂದು ಹಗರಣ ಹೇಳುತ್ತೇನೆ. ಡೆನ್ಮಾರ್ಕಿನ ಅತಿ ದೊಡ್ಡ ಬ್ಯಾಂಕು ಡ್ಯಾನ್ಸ್ಕೆ. ಅದಕ್ಕೆ ಎಸ್ಟೋನಿಯಾದಲ್ಲಿ ಒಂದು ಸಣ್ಣ ಶಾಖೆ. 2007ರಿಂದ 2015ರ ನಡುವೆ ಆ ಶಾಖೆಯ ಹೊರದೇಶದ ಗ್ರಾಹಕರ ಖಾತೆಗಳಲ್ಲಿ ಸುಮಾರು 200 ಬಿಲಿಯನ್ ಯೂರೋ ಹರಿಯಿತು. ಬಹುಪಾಲು ಅನುಮಾನದ್ದು. ಒಂದು ಬಿಲಿಯನ್ ಅಂದರೆ ನೂರು ಕೋಟಿ, ಸೊನ್ನೆ ನೀವೇ ಹಾಕಿಕೊಳ್ಳಿ.

ಹೋವರ್ಡ್ ವಿಲ್ಕಿನ್ಸನ್ ಅಲ್ಲಿ ಮಾರುಕಟ್ಟೆ ವಿಭಾಗದ ಮುಖ್ಯಸ್ಥರು. ಪತ್ತೇದಾರರೇನಲ್ಲ. ಒಂದು ಗ್ರಾಹಕ ಕಂಪನಿ ನೋಂದಣಿಯಾಗಿದ್ದು ಬ್ರಿಟನ್ನಿನಲ್ಲಿ. ಅಲ್ಲಿನ ನೋಂದಣಿ ಕಚೇರಿಯಿಂದ ಅದರ ದಾಖಲೆ ತೆಗೆಸಿ ನೋಡಿದರು. ‘ನಮ್ಮದು ವ್ಯವಹಾರವೇ ಇಲ್ಲ’ ಅಂತ ಆ ಕಂಪನಿ ಬರೆದುಕೊಟ್ಟಿತ್ತು. ಇತ್ತ ಶಾಖೆಯ ಖಾತೆಯಲ್ಲಿ ಲಕ್ಷಗಟ್ಟಲೆ ಡಾಲರ್! ಯಾರು ಬೇಕಾದರೂ ನೋಡಬಹುದಾಗಿದ್ದ ದಾಖಲೆ ಅದು. 2013ರ ಡಿಸೆಂಬರ್‌ನಲ್ಲಿ ಅವರು ಕೋಪನ್‌ಹೇಗನ್‌ನ ಹಿರಿಯರಿಗೆ ಇಮೇಲ್ ಕಳಿಸಿದರು. ಮರುವರ್ಷ ಕೆಲಸ ಬಿಟ್ಟರು. ಆ ಖಾತೆಗಳ ವಿಭಾಗಕ್ಕೆ ಬೀಗ ಬೀಳಲು 2015 ಆಯಿತು.

ಯಾಕೆ ತಡ? ಲಾಭ. 2011ರಲ್ಲಿ ಇಡೀ ಬ್ಯಾಂಕಿನ ಆಸ್ತಿಯಲ್ಲಿ ಈ ಶಾಖೆಯ ಪಾಲು ಶೇ. 0.5. ತೆರಿಗೆಗೆ ಮುಂಚಿನ ಲಾಭದಲ್ಲಿ ಶೇ. 11! ಅಷ್ಟು ಹಾಲು ಕೊಡುವ ಹಸು ಏನು ಮೇಯ್ದು ಬರುತ್ತಿದೆ ಅಂತ ಯಾರು ಕೇಳ್ತಾರೆ? ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದಕ್ಕೆ. ಖರ್ಚಾಗುತ್ತದೆ ಅಂತ ಮುಖ್ಯ ಕಚೇರಿ ಆ ಶಾಖೆಯನ್ನು ತನ್ನ ಕಂಪ್ಯೂಟರ್ ವ್ಯವಸ್ಥೆಗೆ ಸೇರಿಸಿಕೊಳ್ಳಲೇ ಇಲ್ಲ. ಎಷ್ಟೋ ದಾಖಲೆಗಳು ಎಸ್ಟೋನಿಯನ್, ರಷ್ಯನ್ ಭಾಷೆಯಲ್ಲಿ. ಕಾಣದ ಹಾಗೆ ತಾವೇ ಮಾಡಿಟ್ಟರೆ ಕಾಣುವುದಾದರೂ ಹೇಗೆ, ಅಲ್ವಾ?

ಹಾಗಾಗಿ ದೊಡ್ಡ ಹೊಣೆ ಟಾರ್ಗೆಟ್ ಇಟ್ಟವರದು. ಆದರೆ ನಿಮ್ಮ ಪಾಲು ಸೊನ್ನೆಯೇನಲ್ಲ. ಮುಚ್ಚುವ ಮುಂಚೆ ಷರಾ ಬರೆಯಿರಿ: ಯಾಕೆ ಅನುಮಾನ ಬಂತು, ಏನು ಕೇಳಿದಿರಿ, ಏನು ಸಿಗಲಿಲ್ಲ. ಸುಮ್ನೆ ‘ಸರಿ ಇದೆ’ ಅಂತ ಒಂದು ಸಾಲು ಗೀಚಬೇಡಿ. ಬಾಯಿಮಾತಲ್ಲಿ ‘ಕ್ಲೋಸ್ ಮಾಡಿ’ ಅಂದರೆ ‘ಸರ್, ಅದನ್ನೇ ಮೇಲ್‌ನಲ್ಲಿ ಹಾಕಿಬಿಡಿ’ ಅನ್ನಿ. ಅರ್ಧ ಜನ ಅಲ್ಲೇ ಹಿಂದೆ ಸರಿಯುತ್ತಾರೆ. ಗ್ರಾಹಕರ ದಾಖಲೆಯ ಫೋಟೋ ಮಾತ್ರ ಮನೆಗೆ ಒಯ್ಯಬೇಡಿ. ಆಗ ಸಿಕ್ಕಿಬೀಳುವವರು ನೀವು.

ಪ್ರಶ್ನೆ: ಹಗರಣ ಆದಾಗಲೆಲ್ಲ ಬ್ಯಾಂಕು ದಂಡ ಕಟ್ಟುತ್ತದೆ. ದೊಡ್ಡವರು ಜೈಲಿಗೆ ಹೋಗುವುದುಂಟಾ?
– ಓದುಗರು, ದಾವಣಗೆರೆ

ಉತ್ತರ: ಮೇಲೆ ಹೇಳಿದ ಡ್ಯಾನ್ಸ್ಕೆಯಲ್ಲಿ ಕೋಪನ್‌ಹೇಗನ್‌ನ ದೊಡ್ಡವರು ಯಾರೂ ಹೋಗಲಿಲ್ಲ. ಮುಖ್ಯಸ್ಥ ಥಾಮಸ್ ಬೋರ್ಗೆನ್ 2018ರಲ್ಲಿ ರಾಜೀನಾಮೆ ಕೊಟ್ಟರು. ಅವರ ಮೇಲಿದ್ದ ಆರೋಪವನ್ನು ಸರ್ಕಾರಿ ವಕೀಲರು 2021ರಲ್ಲಿ ಕೈಬಿಟ್ಟರು. ಬ್ಯಾಂಕು 2022ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 2 ಬಿಲಿಯನ್ ಡಾಲರ್‌ಗೂ ಜಾಸ್ತಿ ತೆರಬೇಕಾಯಿತು. ಅದು ಷೇರುದಾರರ ದುಡ್ಡು ಅನ್ನಿ. ಅಪರೂಪಕ್ಕೆ ಬೇರೆ ಥರವೂ ಆಗುತ್ತದೆ: ಮಲೇಷ್ಯಾದ ಸರ್ಕಾರಿ ಹೂಡಿಕೆ ನಿಧಿ 1ಎಂಡಿಬಿಯ ದುಡ್ಡು ನುಂಗಿದ ಹಗರಣದ ಜಾಡಿನಲ್ಲಿ ಮಾಜಿ ಪ್ರಧಾನಿ ನಜೀಬ್ ರಜಾಕ್ 2022ರಲ್ಲಿ ಜೈಲು ಸೇರಿದರು. ಅದೇ ಹಗರಣದಲ್ಲಿ, ಅಮೆರಿಕದ ಹೂಡಿಕೆ ಬ್ಯಾಂಕು ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿದ್ದ ರೋಜರ್ ಎನ್‌ಜಿ ಅವರಿಗೆ ಅಮೆರಿಕದ ಕೋರ್ಟು 10 ವರ್ಷ ಹಾಕಿತು.